ಹನ್ನೊಂದು ಸೆಕೆಂಡು

ಲಾಟೀನು ಸ್ವಲ್ಪ ಸಣ್ಣ ಮಾಡಿ. ಕಣ್ಣಿಗೆ ಹೊಡೀತದೆ... ಹಾಂ, ಅಷ್ಟಿರಲಿ.

ನಾನು ಕತೆ ಕಟ್ಟೋನಲ್ಲ. ಕಿಕ್ಕೇರಿ ಕಡೆ ಒಂದು ಹೈಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು. ಸೀಟಿ ಊದೋದು, ಹುಡುಗರನ್ನ ಓಡಿಸೋದು, ನನಗೆ ಬರೋದು ಇಷ್ಟೇ. ಅದಕ್ಕೇ ಕಂಡಿದ್ದನ್ನ ಕಂಡಂಗೆ ಹೇಳ್ತೀನಿ. ಇದು ನಮ್ಮ ಚಿಕ್ಕವ್ವನ ಮಗ ಲೋಕೇಶನಿಗೆ ಆಗಿದ್ದು. ನನಗೂ ಅರ್ಧ ಆಗಿದ್ದು ಅನ್ನಿ.

ತೊಂಬತ್ತೇಳನೇ ಇಸ್ವಿ, ಏಪ್ರಿಲ್ ತಿಂಗಳು. ಲೋಕೇಶ ಆಗ ಮೈಸೂರಲ್ಲಿ ಒಂದು ಕಾರ್ಖಾನೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ರಜ ಹಾಕಿ ಊರಿಗೆ ಹೊರಟಿದ್ದ. ನಾನೂ ಚಿಕ್ಕವ್ವನ್ನ ನೋಡ್ಕೊಂಡು ಬರೋಣ ಅಂತ ಬಂದಿದ್ದೆ. ಇಬ್ರೂ ಪಾಂಡವಪುರದ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ವಿ. ಊರಿಗೆ ಹೋಗೋ ಕಡೇ ಬಸ್ಸು ಹೋಗ್ಬುಟ್ಟಿತ್ತು. ರೋಡು ಹಿಡಿದು ನಡೆದ್ರೆ ಒಂದೂವರೆ ಗಂಟೆ. ನಾಲೆ ಏರಿ ಮೇಲೆ ಹೋದ್ರೆ ಮುಕ್ಕಾಲು ಗಂಟೆ.

"ಏರಿ ಮೇಲೆ ಬ್ಯಾಡ ಕಣಣ್ಣ," ಅಂದ ಲೋಕೇಶ. "ರೋಡಲ್ಲೇ ಹೋಗವ."

"ಲೇ, ಹುಟ್ಟಿದಾಗಿಂದ ಓಡಾಡಿರೋ ಏರಿ. ನಡಿ ಸುಮ್ನೆ."

 ಅವನು ನನ್ನ ಬಲಗಡೆ ಬಂದ. ಅಂದ್ರೆ ನಾಲೆ ಕಡೆ ನಾನು, ಹೊಲದ ಕಡೆ ಅವನು.

ನಾಲೇಲಿ ನೀರಿರಲಿಲ್ಲ. ಬೇಸಿಗೆ ಬೆಳೆಗೆ ನೀರು ನಿಲ್ಲಿಸಿ ಒಂದೂವರೆ ತಿಂಗಳಾಗಿತ್ತು. ತಳದ ಮಣ್ಣು ಒಡೆದು ಬಾಯಿ ಬಿಟ್ಕೊಂಡಿತ್ತು. ಚಂದ್ರ ಇರಲಿಲ್ಲ. ನನ್ನ ಕೈಯಲ್ಲಿ ಎರಡು ಸೆಲ್ಲಿನ ಬ್ಯಾಟ್ರಿ. ಜೀರುಂಡೆ ಶಬ್ದ ಬಿಟ್ರೆ ನಮ್ಮ ಕಾಲಿನ ಶಬ್ದ.

ಊರ ಹತ್ರದ ಆಲದ ಮರ ಬಂತು. ಅದರ ಕೆಳಗೆ ಹೆಂಗಸರು ಬಟ್ಟೆ ಒಗೆಯೋ ಮೆಟ್ಲು ನಾಲೆಗೆ ಇಳೀತದೆ.

ಅಲ್ಲಿ ಕೇಳ್ತು.

ಪಚ್... ಪಚ್... ಪಚ್... ಪಚ್...

ನೆಂದ ಬರಿಗಾಲು. ಓಡಿ ಬರ್ತಾ ಇರೋದು. ಹಿಂದಿನಿಂದ.

ನಿಂತ್ವಿ. ಅದೂ ನಿಂತ್ಕೊಳ್ತು. ಬ್ಯಾಟ್ರಿ ಹಿಂದಕ್ಕೆ ಬಿಟ್ಟೆ. ಏರಿ ಮೇಲೆ ಧೂಳು, ಎತ್ತಿನಗಾಡಿ ಜಾಡು. ಇನ್ನೇನಿಲ್ಲ.

"ನಾಯಿ ಇರಬೇಕು," ಅಂದೆ.

"ನಾಯಿಗೆ ಎರಡೇ ಕಾಲೇನಣ್ಣ?" ಅಂದ ಲೋಕೇಶ. ಹಲ್ಲು ಕಟಕಟ ಅಂತಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲಿ.

ಆಮೇಲೆ... ನಮ್ಮಿಬ್ಬರ ನಡುವೆ. ನಡುವೆ ಅಂದ್ರೆ ನಡುವೆಯೇ. ಓಡಿ ದಣಿದು ಬಂದವನು ಮೊಣಕಾಲ ಮೇಲೆ ಕೈಯೂರಿ ಮೇಲುಸಿರು ಬಿಡ್ತಾನಲ್ಲ, ಅಂಥ ಉಸಿರು. ಅದರ ಹಿಂದೆ ಒಂದು ಪಿಸುಮಾತು.

"ನಿಂದೆಷ್ಟಾಯ್ತ್ಲಾ?"

ನಾನು ಕೇಳ್ದೆ. ಈ ಕಿವೀಲಿ ಕೇಳ್ದೆ. ಆ ದನಿ ಯಾರದು ಅಂತಲೂ ಗೊತ್ತಾಯ್ತು. ಅವನನ್ನ ಎರಡು ವರ್ಷ ಓಡಿಸಿದೋನು ನಾನೇ. ಕೃಷ್ಣ. ನೀರುಗಂಟಿ ತಮ್ಮಯ್ಯನ ಮಗ. ಐದು ತಿಂಗಳ ಹಿಂದೆ ಅವನ ಮಣ್ಣಿಗೆ ಹೋಗಿ ಬಂದಿದ್ದೆ.

ಲೋಕೇಶ ಕುಸಿದು ಕೂತ. ಅಲ್ಲೇ, ಧೂಳಲ್ಲಿ.

ಮುಂದಿಂದು ಹೇಳೋಕೆ ಮುಂಚೆ ಗಡಿಯಾರದ ವಿಷಯ ಹೇಳ್ಬೇಕು. ಆ ಗಡಿಯಾರ ಆರಿಸಿ ಕೊಟ್ಟೋನು ನಾನು.

ಲೋಕೇಶ, ಕೃಷ್ಣ ಇಬ್ರೂ ಒಂದೇ ಬೀದಿ ಹುಡುಗರು, ಒಂದೇ ವಯಸ್ಸು, ಇಪ್ಪತ್ತೊಂದು. ಲೋಕೇಶನ ಮನೇಲಿ ಗದ್ದೆ, ಹಸು, ಎಲ್ಲಾ ಇತ್ತು. ಕೃಷ್ಣನ ಅಪ್ಪ ತಮ್ಮಯ್ಯಣ್ಣ ನಾಲೆ ತೂಬು ತೆಗೆಯೋ ಹಾಕೋ ಕೆಲಸದೋನು. ಓಟದಲ್ಲಿ ಲೋಕೇಶ ಮುಂದು. ಈಜಲ್ಲಿ ಕೃಷ್ಣನ್ನ ಹಿಡಿಯೋರಿರಲಿಲ್ಲ. ನಾಲೆ ಮಗ್ಗುಲಲ್ಲೇ ಹುಟ್ಟಿದೋನು, ನಡೆಯೋಕೆ ಮುಂಚೆ ಈಜಿದ್ದ ಅಂತ ಅವರವ್ವ ಚಲುವಮ್ಮ ಹೇಳೋಳು.

ತೊಂಬತ್ತಾರರಲ್ಲಿ ಮೈಸೂರಿನ ಆ ಕಾರ್ಖಾನೆಯೋರು ಆಟಗಾರರ ಕೋಟಾದಲ್ಲಿ ಒಬ್ಬನನ್ನ ತಗೋತೀವಿ ಅಂದ್ರು. ಐದು ಕಿಲೋಮೀಟರು ಓಡಿ, ನಿಲ್ಲದೆ ನೀರಿಗೆ ಬಿದ್ದು ಇನ್ನೂರು ಮೀಟರು ಈಜಬೇಕು. ಎರಡೂ ಸೇರಿ ಎಷ್ಟು ಹೊತ್ತು ಅಂತ ಲೆಕ್ಕ. ಡಿಸೆಂಬರಲ್ಲಿ ಪರೀಕ್ಷೆ. ಒಬ್ಬನೇ ಒಬ್ಬ. ಇಬ್ರಲ್ಲ.

ನಾನೇ ಇಬ್ರಿಗೂ ಅರ್ಜಿ ಹಾಕಿಸ್ದೆ. ನಾನೇ ಸೈಕಲ್ ಚಕ್ರದ ಸುತ್ತು ಎಣಿಸಿ ಏರಿ ಅಳೆದೆ. ಆಲದ ಮರದಿಂದ ಎರಡನೇ ತೂಬಿಗೆ ಹೋಗಿ ವಾಪಸ್ ಬಂದ್ರೆ ಐದು ಕಿಲೋಮೀಟರು. ಆಮೇಲೆ ಮೆಟ್ಲು ಇಳಿದು ನಾಲೇಲಿ ಸೇತುವೆ ತಂಕ ಎದುರು ಈಜಿ, ತಿರುಗಿ ಬಂದ್ರೆ ಇನ್ನೂರು. ಆದ್ರೆ ಹೊತ್ತು ನೋಡೋದು ಹೆಂಗೆ? ಅಂದಾಜಲ್ಲಿ ಯಾರೂ ಗೆಲ್ಲಲ್ಲ. ಓಡುವಾಗಲೂ ಕೈಯಲ್ಲಿರಬೇಕು, ನೀರಿಗೆ ಬಿದ್ರೂ ನಿಲ್ಲಬಾರದು, ಅಂಥ ಗಡಿಯಾರ ಬೇಕು ಅಂತ ಮೂರೂ ಜನ ಮೈಸೂರಿಗೆ ಹೋದ್ವಿ.

ಅಂಗಡಿಯವನು ಗಾಜಿನ ಮೇಲೆ ನಾಲ್ಕು ಇಟ್ಟ. ಮೊದಲನೇದು ಮುಳ್ಳಿಂದು, ಸ್ಟೀಲಿನ ಪಟ್ಟಿ, ನೋಡೋಕೆ ಮದುವೆ ಗಂಡಿನ ಗಡಿಯಾರ. ಸೆಕೆಂಡು ನಿಲ್ಲಿಸಿ ನೋಡೋಕಾಗಲ್ಲ. ಅದನ್ನ ಪಕ್ಕಕ್ಕಿಟ್ಟೆ. ಎರಡನೇದು ಗಡಿಯಾರವೇ ಅಲ್ಲ, ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಡಬ್ಬಿ. ನಡೆದ ಹೆಜ್ಜೆ ಎಣಿಸ್ತದಂತೆ. ಕೃಷ್ಣನಿಗೆ ಅದರ ಮೇಲೆ ಆಸೆ. ಅಂಗಡಿ ತುಂಬ ಓಡಾಡಿ ಓಡಾಡಿ ನೋಡ್ದ. ಕುಣಿದ್ರೂ ಎಣಿಸ್ತು, ಕೈಯಲ್ಲಿಟ್ಟು ಅಲ್ಲಾಡಿಸಿದ್ರೂ ಎಣಿಸ್ತು. "ನೀರಿಗೆ?" ಅಂದೆ. ಅಂಗಡಿಯವನು ತಲೆ ಅಲ್ಲಾಡಿಸ್ದ.

ಮೂರನೇದು ಕರೀ ಪ್ಲಾಸ್ಟಿಕ್ಕು, ಅಂಕಿ ಗಡಿಯಾರ. ಅಗ್ಗ. ಸೆಕೆಂಡಿನ ನೂರರ ಭಾಗಾನೂ ತೋರಿಸೋದು. ಹಿಂದುಗಡೆ ನೀರು ತಡೀತದೆ ಅಂತ ಇಂಗ್ಲೀಷಲ್ಲಿ ಬರೆದಿತ್ತು.

"ನೋಡಿ ಸಾರ್, ಇದು ಮಳೆ ನೀರು, ಕೈ ತೊಳೆಯೋ ನೀರು, ಅಷ್ಟಕ್ಕೇ," ಅಂದ ಅಂಗಡಿಯವನು. ನಿಯತ್ತಿನ ಮನುಷ್ಯ. "ಈಜೋಕೆ ಅಂದ್ರೆ ಇದು." ಅಂತ ನಾಲ್ಕನೇದು ತೋರಿಸ್ದ.

ದಪ್ಪನೆ ಗಡಿಯಾರ. ನೂರು ಮೀಟರು ಆಳದ ಗುರುತು. ಓಟ ಮುಗಿದಾಗ ಒಂದು ಗುಂಡಿ ಒತ್ತಿದ್ರೆ ಅಲ್ಲಿಗೆಷ್ಟು ಅಂತ ಹಿಡಿದಿಟ್ಕೊಂಡು ಒಳಗೊಳಗೇ ಓಡ್ತಾ ಇರೋದು. "ನೀರೊಳಗೆ ಇದ್ದಂಗೇ ಗುಂಡಿ ಒತ್ತಬೇಡಿ, ಕೈ ಆಚೆ ತೆಗೆದು ಒತ್ತಿ. ಇನ್ನೇನೂ ಆಗಲ್ಲ ಇದಕ್ಕೆ," ಅಂದ.

ಇಬ್ಬರ ದುಡ್ಡೂ ಸೇರಿಸಿದ್ರೆ ಕರೀದು ಎರಡು ಬರೋದು. ಇಲ್ಲಾ ಇದು ಒಂದು.

"ಮೇಷ್ಟ್ರೇ, ಕರೀದೇ ಎರಡು ತಗೊಂಬುಡವ," ಅಂದ ಕೃಷ್ಣ. "ಅವನಿಗೊಂದು ನನಗೊಂದು. ಈಜುವಾಗ ಬಿಚ್ಚಿಟ್ರಾಯ್ತು."

"ಬಿಚ್ಚೋಕೆ ಎಷ್ಟು ಸೆಕೆಂಡು ಹೋಗುತ್ತೋ ಗೊತ್ತೇನ್ಲಾ ನಿಂಗೆ?" ಅಂತ ಗದರಿಸ್ದೆ ನಾನು. "ಒಂದೇ ತಗೊಳ್ಳಿ, ಒಳ್ಳೇದು ತಗೊಳ್ಳಿ. ದಿನ ಬಿಟ್ಟು ದಿನ ಕಟ್ಕೊಳ್ಳಿ. ಒಬ್ಬ ಓಡೋ ದಿನ ಇನ್ನೊಬ್ಬ ಮೈ ಆರಿಸ್ಕೊಳ್ಳಿ. ಒಟ್ಟಿಗೆ ಓಡಿದ್ರೆ ಜಿದ್ದಿಗೆ ಬಿದ್ದು ಕಾಲು ಕೆಡಿಸ್ಕೋತೀರ."

ಎಂಥಾ ಬುದ್ಧಿವಂತ ಮೇಷ್ಟ್ರು, ನೋಡಿ.

ಅಂಗೇ ನಡೀತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಬ್ಬ ಓಡೋನು, ಈಜೋನು. ಸಂಜೆ ಆಲದ ಮರದ ಕೆಳಗೆ ಗಡಿಯಾರ ಬಿಚ್ಚಿ ಇನ್ನೊಬ್ಬನಿಗೆ ಕೊಡೋನು. ಕೊಡುವಾಗ ಒಂದೇ ಮಾತು. "ನಿಂದೆಷ್ಟಾಯ್ತ್ಲಾ?" ಅವನು ತನ್ನದು ಹೇಳೋನು, ಇವನು ತನ್ನದು ಹೇಳೋನು. ನಾನು ಭಾನುವಾರ ಬಂದಾಗ ಇಬ್ರನ್ನೂ ಕೇಳಿ ಬರ್ಕೊಳ್ಳೋನು. ಅಕ್ಟೋಬರ್ ತಂಕ ಲೋಕೇಶನೇ ಮುಂದಿದ್ದ. ಆಮೇಲೂ ಅವನೇ ಮುಂದೆ ಅಂತ ನನ್ನ ಪುಸ್ತಕದಲ್ಲಿತ್ತು.

ನವೆಂಬರ್ ಎರಡನೇ ವಾರ. ಮೇಲುಗಡೆ ಮಳೆಯಾಗಿ ನಾಲೇಲಿ ನೀರು ದಡ ಮುಟ್ಟಿ ಹರೀತಿತ್ತು. ಆ ನೀರಲ್ಲಿ ಕೃಷ್ಣ ಇಳಿದ. ಬೆಳಗ್ಗೆ ಮೆಟ್ಲ ಮೇಲೆ ಅವನ ಟವೆಲ್ಲು ಸಿಕ್ತು. ಅವನು ಸಿಕ್ಕಿದ್ದು ಮಾರನೇ ದಿನ ಹತ್ತೂವರೆಗೆ, ಎರಡು ಊರು ಕೆಳಗೆ, ಸೇತುವೆ ಕಂಬಕ್ಕೆ ಒರಗಿಕೊಂಡು. ನಾನು ಅಷ್ಟೊತ್ತಿಗೆ ಬಂದಿದ್ದೆ. ನಾವೇ ಎತ್ತಿದ್ದು. ಕೈಯಲ್ಲಿ ಗಡಿಯಾರ ಇತ್ತು... ಓಡ್ತಿತ್ತು. ಮೂವತ್ತು ಗಂಟೆ, ಹದಿನಾರು ನಿಮಿಷ, ಇಷ್ಟು ಸೆಕೆಂಡು ಅಂತ ಅಂಕಿ ಬದಲಾಗ್ತಾನೇ ಇದ್ವು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಒಳ್ಳೇ ಗಡಿಯಾರ.

ಗುಂಡಿ ಒತ್ತಿ ನಿಲ್ಲಿಸಿದೋನು ನಾನು.

ಏರಿ ಮೇಲೆ ಮಲಗಿಸಿದ್ವಿ. ತಮ್ಮಯ್ಯಣ್ಣ ಅಳ್ಲಿಲ್ಲ. ನನ್ನ ಹತ್ರ ಬಂದು ಕೂತ. ಪಕ್ಕದಲ್ಲಿ ಲೋಕೇಶ ನಿಂತಿದ್ದ.

"ರಾತ್ರಿ ಹೇಳ್ದೆ ಮೇಷ್ಟ್ರೇ," ಅಂದ ತಮ್ಮಯ್ಯಣ್ಣ. "ನೀರು ಜಾಸ್ತಿ ಬುಟ್ಟವ್ರೆ, ನಾಳೆ ಇಳೀಬ್ಯಾಡ ಕಣ್ಲಾ ಅಂದೆ. ಇಲ್ಲ ಕಣಪ್ಪ, ಲೋಕೇಶನಿಗಿಂತ ಅರ್ಧ ನಿಮಿಷ ಹಿಂದೆ ಬಿದ್ದಿವ್ನಿ, ಒಂದಿನಾನೂ ಬುಡಂಗಿಲ್ಲ ಅಂದ." ಆಮೇಲೆ ಕೇಳ್ದ, "ಮೇಷ್ಟ್ರೇ, ಅರ್ಧ ನಿಮಿಷ ಅಂದ್ರೆ ಎಷ್ಟೊತ್ತು?"

 ನೀವೇ ಹೇಳಿ... ಅರ್ಧ ನಿಮಿಷ ಅಂದ್ರೆ ಎಷ್ಟೊತ್ತು?

ಮಣ್ಣು ಮುಗಿದ ಮೂರನೇ ದಿನ ಚಲುವಮ್ಮ ಗಡಿಯಾರಾನ ಸೆರಗಲ್ಲಿ ಒರೆಸಿ ಲೋಕೇಶನ ಕೈಗೆ ಕೊಟ್ಲು. "ನಿಂದೂ ಅಲ್ವೇನಪ್ಪ. ನೀನೇ ಗೆದ್ಕೊಂಡು ಬಾ," ಅಂದ್ಲು. ಅವನು ಕಟ್ಕೊಂಡ. ಡಿಸೆಂಬರಲ್ಲಿ ಹೋಗಿ ಗೆದ್ದ. ಜನವರೀಲಿ ಕೆಲಸಕ್ಕೆ ಸೇರ್ದ. ಬೀದಿಯೋರೆಲ್ಲ ಅವನ ಬೆನ್ನು ತಟ್ಟಿದ್ರು. ನಾನೂ ತಟ್ಟಿದ್ದೆ.

ಇಷ್ಟು ನನಗೆ ಗೊತ್ತಿತ್ತು. ಉಳಿದಿದ್ದು ಆ ಏಪ್ರಿಲ್ ರಾತ್ರಿ ಆಲದ ಮರದ ಕೆಳಗೆ, ಧೂಳಲ್ಲಿ ಕೂತ್ಕೊಂಡು ಅವನು ಹೇಳ್ದ.

"ಅವನು ಸತ್ತ ವಾರಕ್ಕೇ ಶುರುವಾಯ್ತಣ್ಣ. ನಾನು ಒಬ್ಬನೇ ಓಡುವಾಗ ಪಕ್ಕದಲ್ಲಿ ಓಡ್ತಾನೆ. ಮರದ ಹತ್ರ ಬಂದಾಗ ಕೇಳ್ತಾನೆ. ಮೈಸೂರಲ್ಲಿ ಇಲ್ಲ. ಇಲ್ಲಿ, ಈ ಏರಿ ಮೇಲೆ ಮಾತ್ರ. ಅದಕ್ಕೇ ನಾನು ಇಷ್ಟು ದಿನ ಊರಿಗೆ ಬಂದಿರಲಿಲ್ಲ."

"ಅದನ್ನೇ ಯಾಕೆ ಕೇಳೋದು ಅವನು? ಅವನಿಗೇನು ಬೇಕು?"

ಲೋಕೇಶ ಸುತ್ತ ನೋಡ್ದ. ದನಿ ಇನ್ನೂ ತಗ್ಗಿಸ್ದ.

"ಅಕ್ಟೋಬರ್ ಕೊನೇಲಿ ಒಂದಿನ ಅವನು ಇಪ್ಪತ್ತೊಂದು ನಿಮಿಷ ನಾಲ್ಕು ಸೆಕೆಂಡು ಅಂತ ಬಂದ. ಕುಣಿದಾಡ್ತಿದ್ದ. ಮಾರನೇ ದಿನ ನಾನು ಓಡಿದ್ರೆ ನನ್ನದು ಇಪ್ಪತ್ತೊಂದು ಹದಿನೈದಾಯ್ತು. ಹನ್ನೊಂದು ಸೆಕೆಂಡು ಅವನೇ ಮುಂದೆ ಕಣಣ್ಣ."

"ನೀನು ಎಷ್ಟು ಅಂದೆ?"

"ಇಪ್ಪತ್ತು ಮೂವತ್ತನಾಲ್ಕು."

"...ಅರ್ಧ ನಿಮಿಷ."

"ಹೂಂ. ಗಡಿಯಾರ ಕೈಗೆ ಕೊಟ್ಟಾಗ ಅವನು ಗುಂಡಿ ಒತ್ತಿ ನೋಡಬಹುದಿತ್ತು. ಅದರೊಳಗೇ ಇತ್ತು. ನೋಡ್ಲೇ ಇಲ್ಲ ಅಣ್ಣ. 'ಭಾರೀ ಓಡ್ಬುಟ್ಟೆಯಲ್ಲೋ ನನ್ ಮಗನೆ' ಅಂತ ನನ್ನ ತಬ್ಬಿಕೊಂಡ."

ನಾನು ಅವನ ಕೆನ್ನೆಗೆ ಹೊಡೆದೆ. ಇನ್ನೊಂದು ಹೊಡೆದೆ. ಅವನು ಕೈ ಅಡ್ಡ ಹಿಡೀಲಿಲ್ಲ. ಆಮೇಲೆ ನನ್ನ ಕೈಯೇ ಸೋತು ಹೋಯ್ತು. ಒಂದೇ ತಗೊಳ್ಳಿ ಅಂದೋನು ನಾನು. ಒಟ್ಟಿಗೆ ಓಡಬೇಡಿ ಅಂದೋನು ನಾನು. ಒಂದೇ ಒಂದು ದಿನ ಇಬ್ರೂ ಜೊತೇಲಿ ಓಡಿದ್ರೆ ಯಾರು ಮುಂದೆ ಅಂತ ನಾಯಿಗೂ ಗೊತ್ತಾಗ್ತಿತ್ತು.

ಬೆಳಗಾದ ಮೇಲೆ ಅವನ ರಟ್ಟೆ ಹಿಡಿದು ತಮ್ಮಯ್ಯಣ್ಣನ ಮನೆಗೆ ಕರ್ಕೊಂಡು ಹೋದೆ. "ಹೇಳು," ಅಂದೆ. ಹೇಳ್ದ. ತಲೆ ಬಗ್ಗಿಸ್ಕೊಂಡು, ಅಂಕಿ ಸಮೇತ, ಎಲ್ಲಾ ಹೇಳ್ದ. ಗಡಿಯಾರ ಬಿಚ್ಚಿ ಜಗಲಿ ಮೇಲೆ ಇಟ್ಟ.

ತಮ್ಮಯ್ಯಣ್ಣ ಬೀಡಿ ಹಚ್ಚೋಕೆ ಹೋಗಿ ಕಡ್ಡಿ ಗೀರಿದ. ಆರಿ ಹೋಯ್ತು. ಇನ್ನೊಂದು ಗೀರಿದ. ಅದೂ ಆರಿತು. ಬೀಡಿ ಕಿವಿ ಮೇಲೆ ಇಟ್ಕೊಂಡು ಎದ್ದು ಹಿತ್ತಲಿಗೆ ಹೋದ. ನಾವಿರೋ ತಂಕ ಆಚೆ ಬರಲೇ ಇಲ್ಲ.

ಚಲುವಮ್ಮ ರಾಗಿ ಕೇರ್ತಾ ಇದ್ಲು. ಮೊರ ನಿಲ್ಲಿಸ್ಲಿಲ್ಲ. ಸರ್... ಸರ್... ಸರ್... ಅಂತ ಅದೇ ಶಬ್ದ.

"ನನಗ್ಯಾಕೆ ಹೇಳ್ತೀಯಪ್ಪ?" ಅಂದ್ಲು. "ಏರಿ ಮೇಲೆ ದಿನಾ ಕೇಳ್ತಾವ್ನಲ್ಲ. ಅವನಿಗೆ ಹೇಳು."

ನಾನು ಒಂದು ಹೆಜ್ಜೆ ಹತ್ರ ಹೋದೆ. "ಅವ್ವಾ... ನಿಮಗೂ ಕೇಳ್ತದಾ?"

ಅವಳು ನನ್ನ ಮುಖ ನೋಡಿದ್ಲು. "ಹೆತ್ತೋಳು ನಾನು ಮೇಷ್ಟ್ರೇ. ದಿನಾ ಜಾವದಲ್ಲಿ ಎದ್ದು ಕೂತಿರ್ತೀನಿ. ಯಾರನ್ನೋ ಕೇಳ್ತಾನೆ, ಯಾರೂ ಉತ್ತರ ಕೊಡಲ್ಲ." ಆಮೇಲೆ ಮೊರದ ಕಡೆ ತಿರುಗಿದ್ಲು. "ಆ ಗಡಿಯಾರ ತಗೊಂಡು ಹೋಗಿ. ಈ ಮನೇಲಿ ಬ್ಯಾಡ."

ಆವತ್ತು ರಾತ್ರಿ ಲೋಕೇಶ ಉಣ್ಣಲಿಲ್ಲ. ಚಿಕ್ಕವ್ವ ಜ್ವರ ಏನೋ ಅಂತ ಹಣೆ ಮುಟ್ಟಿ ನೋಡಿದ್ಲು. ಅವಳಿಗೆ ನಾವು ಏನೂ ಹೇಳಿರಲಿಲ್ಲ.

ಮೂರೂವರೆಗೆ ಎಬ್ಬಿಸ್ದೆ. ನಿದ್ದೆ ಮಾಡಿರಲಿಲ್ಲ ಅವನು. ಕ್ಯಾನ್ವಾಸ್ ಶೂ ಕಟ್ಕೊಂಡ. ಗಡಿಯಾರ ಕಟ್ಕೊಂಡ. ಇಬ್ರೂ ಏರಿಗೆ ಬಂದ್ವಿ.

"ನಾನು ಮರದ ಕೆಳಗೇ ಇರ್ತೀನಿ," ಅಂದೆ. "ಓಡಿ ಬಾ. ಕೇಳಿದ್ರೆ ಹೇಳ್ಬುಡು."

"ಕೇಳದೇ ಇದ್ರೆ?"

"ಕೇಳ್ತಾನೆ."

ಪೀಂ ಅಂತ ಗಡಿಯಾರದ ಗುಂಡಿ ಒತ್ತಿ ಓಡ್ದ. ಶೂ ಶಬ್ದ ದಪ್ ದಪ್ ದಪ್ ದಪ್ ಅಂತ ದೂರ ಹೋಗ್ತಾ ಹೋಗ್ತಾ ಇಲ್ಲವಾಯ್ತು. ನಾನು ಬಿಳಲು ಹಿಡ್ಕೊಂಡು ನಿಂತೆ. ಬ್ಯಾಟ್ರಿ ಹಾಕಲಿಲ್ಲ. ಧೈರ್ಯ ಇತ್ತು ಅಂತಲ್ಲ. ಬೆಳಕಲ್ಲಿ ಏನಾದ್ರೂ ಕಂಡ್ರೆ ಅನ್ನೋ ಭಯ.

ಹತ್ತು ನಿಮಿಷ... ಹದಿನೈದು...

ದಪ್ ದಪ್ ದಪ್ ದಪ್. ಬರ್ತಾ ಇದ್ದಾನೆ.

ಕಿವಿಗೊಟ್ಟೆ. ದಪ್ ದಪ್ ನಡುವೆ ಇನ್ನೊಂದು. ಪಚ್ ಪಚ್ ಪಚ್ ಪಚ್. ಹಿಂದೆ ಅಲ್ಲ. ಜೊತೇಲಿ. ಹೆಗಲಿಗೆ ಹೆಗಲು. ಇಪ್ಪತ್ತು ವರ್ಷ ಹುಡುಗರನ್ನ ಓಡಿಸಿದ ಕಿವಿ ಇದು, ಎರಡು ಜನ ಓಡೋದು ಒಬ್ಬ ಓಡೋದು ಗೊತ್ತಾಗಲ್ವಾ? ಕೊನೇ ನೂರು ಗಜದಲ್ಲಿ ಬರಿಗಾಲು ಮುಂದಾಯ್ತು. ಅದು ಮೊದಲು ಮರ ದಾಟ್ತು. ನನ್ನ ಮುಖಕ್ಕೆ ಗಾಳಿ ಹೊಡೀತು, ನಾಲೆ ನೀರಿನ ವಾಸನೆ. ಅದರ ಹಿಂದೆ ಲೋಕೇಶ ಬಂದು ಮರಕ್ಕೆ ಕೈ ಕೊಟ್ಟು ನಿಂತ.

ಮೇಲುಸಿರು. ಎರಡು ಮೇಲುಸಿರು.

"ನಿಂದೆಷ್ಟಾಯ್ತ್ಲಾ?"

ಲೋಕೇಶ ನನ್ನ ಕಡೆ ನೋಡ್ದ. ನಾನು ತಲೆ ಆಡಿಸ್ದೆ.

"ಕೃಷ್ಣ..." ಅಂದ.  ಮತ್ತೆ ಅಂದ, "ಕೃಷ್ಣ, ಅವತ್ತು ನಂದು ಇಪ್ಪತ್ತೊಂದು ಹದಿನೈದು ಕಣ್ಲಾ. ನಾನು ಸುಳ್ಳು ಹೇಳ್ದೆ. ನೀನೇ ಮುಂದಿದ್ದೆ. ಹನ್ನೊಂದು ಸೆಕೆಂಡು ನೀನೇ ಮುಂದಿದ್ದೆ."

ಜೀರುಂಡೆ ನಿಂತ್ವು. ಎಲ್ಲಾ ಒಟ್ಟಿಗೆ.

ಎಷ್ಟೊತ್ತೋ... ಗೊತ್ತಿಲ್ಲ.

ಆಮೇಲೆ ಕಾಲು ಹೊರಟ್ವು. ಪಚ್... ಪಚ್... ಪಚ್... ಮೆಟ್ಲು ಇಳಿದ್ವು. ಒಂದೊಂದೇ ಎಣಿಸ್ದೆ, ಒಂಬತ್ತು ಮೆಟ್ಲು. ಕೊನೇ ಮೆಟ್ಲಲ್ಲಿ ನಿಂತ್ವು.

ದುಡುಮ್!

ನೀರಿಗೆ ಹಾರಿದ ಶಬ್ದ. ಅಲ್ಲಿ ಎಲ್ಲಿಯ ನೀರು? ಒಣಗಿದ ನಾಲೆ. ಸಂಜೆ ಅದರೊಳಗೆ ಹುಡುಗರು ಬುಗುರಿ ಆಡಿದ್ದನ್ನ ನಾನೇ ನೋಡಿದ್ದೆ. ಆದ್ರೆ ಕೇಳ್ತು. ಸಳ್... ಸಳ್... ಸಳ್... ಕೈ ಬೀಸಿ ಈಜೋ ಶಬ್ದ. ಸೇತುವೆ ಕಡೆ ಹೋಯ್ತು. ಕೃಷ್ಣನ ಈಜು ನನಗೆ ಗೊತ್ತು. ನಾಲ್ಕು ಬೀಸಿಗೆ ಒಂದ್ಸಲ ತಲೆ ಎತ್ತಿ ಹಾಹ್ ಅಂತ ಉಸಿರು ತಗೊಳ್ಳೋನು. ಅದೇ. ಸಳ್, ಸಳ್, ಸಳ್, ಸಳ್, ಹಾಹ್. ಸೇತುವೆ ಕೆಳಗೆ ತಿರುಗಿದ್ದು ಕೇಳ್ತು. ವಾಪಸ್ ಬಂತು. ಹತ್ರ. ಇನ್ನೂ ಹತ್ರ. ನಿಂತ್ಕೊಳ್ತು.

ಮುಗೀತು ಅಂದ್ಕೊಂಡೆ. ಅವನಿಗೆ ನಿಜ ಬೇಕಿತ್ತು, ಸಿಕ್ತು, ಹೋದ ಅಂದ್ಕೊಂಡು ಲೋಕೇಶನ ಹೆಗಲ ಮೇಲೆ ಕೈ ಇಟ್ಟೆ. ಅವನು ಅಳ್ತಾ ಇದ್ದ.

ಆಗ ಬಂತು. ಲೋಕೇಶನ ಕಿವಿ ಹತ್ರ. ಸಿಟ್ಟಿಲ್ಲ, ಗದರಿಕೆ ಇಲ್ಲ. ಗೆಳೆಯನನ್ನ ಕೇಳಿದಂಗೆ.

"ಯಾಕ್ಲಾ?"

ಅಷ್ಟೇ.

ಲೋಕೇಶ ನನ್ನ ಕೈ ಕೊಡವಿ ಹಿಂದಕ್ಕೆ ಸರಿದ.    

"ಯಾಕ್ಲಾ?"

ಅವನು ಓಡ್ದ. ಊರ ಕಡೆ ಅಲ್ಲ, ಹೊಲದ ನಡುವೆ ದಿಕ್ಕು ದೆಸೆ ಇಲ್ಲದಂಗೆ ಓಡ್ದ. ಬೆಳಿಗ್ಗೆ ಬೇಲಿ ಮುಳ್ಳಲ್ಲಿ ಅಂಗಿ ಹರಕೊಂಡು ಮನೆಗೆ ಬಂದ. ಅವತ್ತೇ ಬಸ್ಸು ಹತ್ತಿದ. ಆಮೇಲೆ ಇಲ್ಲೀವರೆಗೂ ಊರಿಗೆ ಬಂದಿಲ್ಲ.

ಕೆಲಸ ಬಿಟ್ನಾ ಅಂತೀರಾ? ಯಾಕೆ ಬಿಡ್ತಾನೆ? ಅಲ್ಲೇ ಇದ್ದಾನೆ, ಕ್ವಾರ್ಟರ್ಸ್ ಸಿಕ್ಕಿದೆ. ಹೋದ ವರ್ಷ ಶ್ವೇತ ಅಂತ ಒಳ್ಳೇ ಹುಡುಗಿ ಜೊತೆ ಮದುವೆ ಆಯ್ತು. ಮದುವೆ ಮೈಸೂರಲ್ಲೇ ಮಾಡಿದ್ರು. ಊರಲ್ಲಿ ಯಾಕೆ ಮಾಡ್ಲಿಲ್ಲ ಅಂತ ಚಿಕ್ಕವ್ವ ಇನ್ನೂ ಬೇಜಾರು ಮಾಡ್ಕೋತಾಳೆ. ಕಾಗದ ಬರೆದು ಒಂದ್ಸಲ ಕೇಳ್ದೆ, ಅಲ್ಲಿ ಏನಾದ್ರೂ ಕೇಳಿಸ್ತದಾ ಅಂತ. ಎಲ್ಲಾ ಚೆನ್ನಾಗಿದೆ, ಮಳೆ ಬಂತಾ ಅಂತ ಬರೆದ. ಆಮೇಲೆ ನಾನು ಬರೀಲಿಲ್ಲ. ನಾನೂ ಆ ವರ್ಷದಿಂದ ಮಕ್ಕಳಿಗೆ ಹೊತ್ತು ಹಿಡಿದು ಓಡಿಸೋದು ಬಿಟ್ಟೆ. ಸುಮ್ಮನೆ ಓಡಿ ಅಂತೀನಿ. ಹೆಡ್ಮಾಸ್ಟ್ರು ಇದು ಯಾವ ಸೀಮೆ ಡ್ರಿಲ್ಲು ಅಂತ ಬೈತಾರೆ. ಬೈಲಿ.

ಆದ್ರೆ ಅವತ್ತು ಬೆಳಿಗ್ಗೆ ಇನ್ನೊಂದಾಯ್ತು. ಅದನ್ನ ಲೋಕೇಶನಿಗೂ ಹೇಳಿಲ್ಲ, ಚಲುವಮ್ಮನಿಗೂ ಹೇಳಿಲ್ಲ.

ಅವನು ಓಡಿ ಹೋದ ಮೇಲೆ ನಾನು ಮರದ ಕೆಳಗೇ ಕೂತಿದ್ದೆ.  ಮೂಡಲ ಬೆಳ್ಳಗಾಯ್ತು. ಆಮೇಲೆ ಎದ್ದು ಮೆಟ್ಲು ಇಳಿದೆ. ನಾಲೆ ತಳ ನೋಡ್ದೆ. ಒಡೆದ ಮಣ್ಣು, ಒಂದು ಹರಿದ ಚಪ್ಪಲಿ, ಬುಗುರಿ ಆಡಿದ ಗೀಟು. ಒಂದು ಹನಿ ನೀರಿನ ಗುರುತಿಲ್ಲ. ಕಡೇ ಮೆಟ್ಲಿನ ಪಕ್ಕದ ಕಲ್ಲಲ್ಲಿ, ಮೊಣಕಾಲು ಎತ್ತರದಲ್ಲಿ, ಈಜಿ ಬಂದೋನು ದಡ ಮುಟ್ಟಿದಂಗೆ, ಒಂದು ಅಂಗೈ ಅಚ್ಚು. ಐದೂ ಬೆರಳು. ನೆಂದ ಅಂಗೈ. ಮುಟ್ಟಿ ನೋಡ್ದೆ. ತಣ್ಣಗಿತ್ತು, ಬೆರಳಿಗೆ ನೀರು ಅಂಟ್ತು.

ಆರಲಿ ಅಂತ ಕಾದೆ. ಬಿಸಿಲು ಬಂತು. ಕಲ್ಲು ಕಾದು ಕೂರೋಕಾಗದಂಗಾಯ್ತು. ಅದು ಆರಲಿಲ್ಲ. ಎಂಟೂವರೆಗೆ ಮಾದಮ್ಮ ಆಡು ಹೊಡ್ಕೊಂಡು ಬಂದ್ಲು. "ಏನ್ ಮೇಷ್ಟ್ರೇ, ನೀರಿಲ್ಲದ ನಾಲೇಲಿ ಕೂತಿದ್ದೀರಿ?" ಅಂದ್ಲು. ನಾನು ಏನೋ ಒಂದು ಹೇಳ್ದೆ. ಅಷ್ಟರಲ್ಲಿ ಅವಳ ಬಿಳೀ ಆಡುಮರಿ ಒಂದು ಮೆಟ್ಲು ಇಳಿದು ಬಂತು, ಆ ಕಲ್ಲು ಮೂಸ್ತು, ಅಂಗೈಯಿಂದ ಶುರುಮಾಡಿ ಒಂದೊಂದೇ ಬೆರಳು ಪೂರ್ತಿ ನೆಕ್ಕಿ, ಬಾಯಿ ಚಪ್ಪರಿಸ್ಕೊಂಡು ಮೇಲೆ ಹತ್ತಿ ಹೋಯ್ತು.

ನಾನು ನೋಡಿದ್ದು ಇಷ್ಟು. ಮಾದಮ್ಮ ಇವತ್ತೂ ಇದ್ದಾಳೆ, ಕೇಳಿ ಬೇಕಾದ್ರೆ. ಬಾಯಾರಿಕೆಗೆ ಮರಿ ಕಲ್ಲು ನೆಕ್ತು ಅಂತಾಳೆ.